ಸೋತವನು ಎಳೆಯುವ ಹಗ್ಗ

“ಗುರುಗಳೇ, ಅಮೆರಿಕದಲ್ಲಿ ಸರ್ಕಾರ ಬೇರೆ, ಧರ್ಮ ಬೇರೆ ಅನ್ನುತ್ತಾರೆ. ಆದರೂ ಚುನಾವಣೆ ಬಂದರೆ ಕೆಲವು ಪಾದ್ರಿಗಳು ಪಕ್ಷ ಹಿಡಿಯುತ್ತಾರಂತೆ. ನಿಂತವನು ಒಳ್ಳೆಯವನಾದರೆ ಅವನ ಹೆಸರು ಹೇಳುವುದರಲ್ಲಿ ತಪ್ಪೇನು?” ಎಂದು ಶಿಷ್ಯ ಕೇಳಿದ.

ಗುರುಗಳು ಹರೆಯದಲ್ಲಿ ಆ ದೇಶದಲ್ಲಿ ನಾಲ್ಕು ವರ್ಷ ಇದ್ದವರು. ಅವರು ಹೇಳಿದರು:

ಮೆಕ್ಕೆಜೋಳದ ಹೊಲಗಳ ನಡುವೆ ಒಂದು ಸಣ್ಣ ಊರು. ಊರಿಗೆಲ್ಲ ಒಂದೇ ಚರ್ಚು. ಮತಪೆಟ್ಟಿಗೆ ಇಡುತ್ತಿದ್ದುದೂ ಅದರ ನೆಲಮಾಳಿಗೆಯಲ್ಲೇ. ಮತ ಹಾಕಿ ಬಂದವರಿಗೆ ಹೆಂಗಸರು ಬಿಸಿಬಿಸಿ ಸಾರು, ರೊಟ್ಟಿ ಬಡಿಸುತ್ತಿದ್ದರು. ಯಾರಿಗೆ ಹಾಕಿದೆ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಮುಂದಿನ ಭಾನುವಾರ ಪ್ರಾರ್ಥನೆಯ ಗಂಟೆಯನ್ನು ಚುನಾವಣೆಯಲ್ಲಿ ಸೋತವನು ಹಗ್ಗ ಎಳೆದು ಬಾರಿಸಬೇಕು. ಅದು ಆ ಊರಿನ ಪದ್ಧತಿ. “ಇದನ್ನಾದರೂ ಸರಿಯಾಗಿ ಎಳೆಯಪ್ಪ” ಎಂದು ಜನ ಛೇಡಿಸುವರು. ಅವನೂ ನಗುವನು. ಆಮೇಲೆ ಗೆದ್ದವನು ಅವನ ಪಕ್ಕದಲ್ಲೇ ಕುಳಿತು ಹಾಡುವನು. ಸೋತವನು ಬಾರಿಸಿದ ಆ ಗಂಟೆಯನ್ನು ನಾನು ಎರಡು ಸಲ ಕೇಳಿದ್ದೇನೆ. ಈಗಲೂ ಕೆಲವು ಬೆಳಿಗ್ಗೆ ಕೇಳಿದಂತಾಗುತ್ತದೆ.

ನಾನಿದ್ದ ಕಡೆಯ ವರ್ಷ ಮೇಯರ್ ಸ್ಥಾನಕ್ಕೆ ಒಬ್ಬ ವ್ಯಾಪಾರಿ, ಒಬ್ಬ ಬಡಗಿ ನಿಂತರು. ವ್ಯಾಪಾರಿ ದೈವಭಕ್ತ. ಬಡಗಿ ಹೆಂಡತಿಯನ್ನು ಕಳೆದುಕೊಂಡವನು, ಮನೆಯಲ್ಲಿ ಒಬ್ಬನೇ. ನಾಲ್ಕು ಜನರ ನಡುವೆ ಕೂರುತ್ತಿದ್ದುದು ಭಾನುವಾರ ಮಾತ್ರ. ಚರ್ಚಿನ ಬೆಂಚುಗಳನ್ನು ಮಾಡಿದವನೂ ಅವನೇ.

ವ್ಯಾಪಾರಿ ಪಾದ್ರಿಯ ಬಳಿ ಬಂದು, “ಈ ಭಾನುವಾರ ನನ್ನ ಹೆಸರನ್ನು ಒಂದೇ ಒಂದು ಸಲ ಹೇಳಿ. ನನಗಾಗಿ ಅಲ್ಲ. ಊರಿನ ಹೆಂಡದಂಗಡಿ ಮುಚ್ಚಿಸಬೇಕು. ಅದು ದೇವರ ಕೆಲಸವಲ್ಲವೇ?” ಎಂದ.

“ಬಡಗಿ ಮೂರನೆಯ ಬೆಂಚಿನಲ್ಲಿ ಕೂತಿರುತ್ತಾನಲ್ಲಪ್ಪ?”

“ಕೂತಿರಲಿ. ಅವನೂ ಕೇಳಿಸಿಕೊಳ್ಳಲಿ.”

ಪಾದ್ರಿಗೂ ಆ ಅಂಗಡಿ ಮುಚ್ಚಬೇಕೆಂಬ ಆಸೆ ಬಹಳ ದಿನದ್ದು. ಭಾನುವಾರ, ದೇವರ ಕೆಲಸಕ್ಕೆ ಇವನೇ ತಕ್ಕವನೆಂದು ವ್ಯಾಪಾರಿಯ ಹೆಸರು ಹೇಳಿದ. ವ್ಯಾಪಾರಿ ಗೆದ್ದ.

ಮುಂದಿನ ಭಾನುವಾರ ಜನ ಬಾಗಿಲಲ್ಲಿ ಕಾದರು. ಹಗ್ಗ ಸುಮ್ಮನೆ ನೇತಾಡುತ್ತಿತ್ತು. ಕೊನೆಗೆ ವ್ಯಾಪಾರಿಯೇ ಗಂಟೆ ಬಾರಿಸಿದ. ಮೂರನೆಯ ಬೆಂಚು ಖಾಲಿ ಉಳಿಯಿತು. ಅದರ ಹಿಂದಿನವೂ ಕೆಲವು.

ಸಂಜೆ ಪಾದ್ರಿ ಸಾರಿನ ಪಾತ್ರೆ ಹಿಡಿದು ಬಡಗಿಯ ಮನೆಗೆ ಹೊರಟ. ಜೊತೆಗೆ ನಾನೂ ಹೋದೆ. ಬಡಗಿ ಬಾಗಿಲು ತೆರೆದ, ಒಳಗೆ ಕರೆಯಲಿಲ್ಲ.

“ಊರು ಸೋಲಿಸಿದ್ದರೆ ನಗುತ್ತಲೇ ಬಂದು ಹಗ್ಗ ಎಳೆಯುತ್ತಿದ್ದೆ, ಪಾದ್ರಿಗಳೇ. ನನ್ನನ್ನು ಸೋಲಿಸಿದ್ದು ದೇವರು ಅಂತ ನೀವೇ ಹೇಳಿದಿರಿ.”

ಪಾತ್ರೆಯನ್ನು ಪಾದ್ರಿ ಹಾಗೆಯೇ ಹಿಂದಕ್ಕೆ ತಂದ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆದರೂ ಹೆಂಡದಂಗಡಿ ಮುಚ್ಚಿತಲ್ಲವೇ, ಗುರುಗಳೇ? ದೇವರ ಪಕ್ಷವೇ ಗೆದ್ದಂತಾಯಿತಲ್ಲ?”

“ಅಂಗಡಿ ಮುಚ್ಚಿತು, ಪಕ್ಷ ಗೆದ್ದಿತು, ಆದರೆ ಸೋತವನು ಹೋಗಿ ಕೂರಲು ಆ ಊರಿನಲ್ಲಿ ಇದ್ದದ್ದು ಆ ಚರ್ಚು ಒಂದೇ.”