ಒಣಗಿದ ದೊಡ್ಡಿಯ ಖಾತ್ರಿ ಮುದ್ರೆ

ಒಂದಾನೊಂದು ಊರು. ಊರಿನ ಹೆಸರು ನೆಗ್ಗಿಲಹಟ್ಟಿ. ಅಲ್ಲಿ ಮನುಷ್ಯರಿಗಿಂತ ಕುರಿಗಳು ಹೆಚ್ಚು, ಕುರಿಗಳಿಗಿಂತ ಕಲ್ಲುಗಳು ಹೆಚ್ಚು. ಅಲ್ಲಿ ಬೀರವ್ವ ಅನ್ನುವ ಕುರಿಗಾರ್ತಿ ಇದ್ದಳು. ಗಂಡ ಸತ್ತಿದ್ದ. ಅವನು ಬದುಕಿದ್ದಾಗ ಇಬ್ಬರೂ ಸೇರಿ ಕಲ್ಲು ಹೊತ್ತು, ಮೇಲೆ ಹುಲ್ಲು ಹೊದಿಸಿ ಒಂದು ದೊಡ್ಡಿ ಕಟ್ಟಿದ್ದರು. ಅದರಲ್ಲಿ ಸರಿಯಾಗಿ ನಲವತ್ತು ಕುರಿ ಹಿಡಿಸುತ್ತಿದ್ದವು. ಬೀರವ್ವನ ಹತ್ತಿರ ಇದ್ದದ್ದೂ ನಲವತ್ತೇ. ಹಿಂಡಿನ ಮುಂದೆ ಒಂದು ಹಿರಿಯ ಟಗರು. ಅದಕ್ಕೆ ಮಾತು ಬರುತ್ತಿತ್ತು. ಆ ಕಾಲದಲ್ಲಿ ಎಲ್ಲ ಟಗರುಗಳಿಗೂ ಬರುತ್ತಿತ್ತು, ಆದರೆ ಯಾರೂ ಕೇಳದ ಕಾರಣ ಅವು ಸುಮ್ಮನಿರುತ್ತಿದ್ದವು.

ಆ ರಾಜ್ಯದ ರಾಜ ದಳವಂತ. ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಬಾಡಿನ ತುಂಡನ್ನು ಕೈಯಲ್ಲಿ ಹಿಡಿದು ಅಡಿಗೆಯವನನ್ನು ಕೇಳಿದ: “ಈ ಕುರಿ ಸುಖವಾಗಿ ಬದುಕಿತ್ತೇನು?”

“ಗೊತ್ತಿಲ್ಲ ಪ್ರಭು. ನನ್ನ ಕೈಗೆ ಬಂದಾಗ ಅದು ಸತ್ತಿತ್ತು.”

ರಾಜ ತುಂಡನ್ನು ತಟ್ಟೆಗಿಟ್ಟು ಎದ್ದ. ಗೊತ್ತಾಗುವವರೆಗೆ ಬಾಡು ಮುಟ್ಟುವುದಿಲ್ಲ ಎಂದ. ನಗಬೇಡಿ, ಪ್ರಶ್ನೆ ಒಳ್ಳೆಯದೇ ಆಗಿತ್ತು. ಉತ್ತರ ಬರೆಯಲು ಕೂತವರು ಹನ್ನೊಂದು ಜನ ಪಂಡಿತರು, ಅವರಲ್ಲಿ ಒಬ್ಬರೂ ಕುರಿ ಮೇಯಿಸಿದವರಲ್ಲ.

ಮೊದಲ ನಿಯಮ: ದೊಡ್ಡಿ ಒಣಗಿರಬೇಕು. ಸರಿ. ಒಣಗಿದ್ದು ಗೊತ್ತಾಗುವುದು ಹೇಗೆ? ಎರಡನೆಯ ನಿಯಮ: ದೊಡ್ಡಿಯಲ್ಲಿ ಒಂದು ಹಪ್ಪಳ ಇಡಬೇಕು, ಅದು ಮೆತ್ತಗಾಗಬಾರದು. ಕುರಿ ಹಪ್ಪಳ ತಿಂದರೆ? ಮೂರನೆಯ ನಿಯಮ: ಹಪ್ಪಳಕ್ಕೊಬ್ಬ ಕಾವಲುಗಾರ. ಕಾವಲುಗಾರನೇ ತಿಂದರೆ? ನಾಲ್ಕನೆಯ ನಿಯಮ. ಹೀಗೆ ಒಂಬೈನೂರು ನಿಯಮವಾದವು. ಓಲೆಗರಿಯ ಕಟ್ಟು ಒಂದು ಮನೆಯಷ್ಟಾಯಿತು. ಕಡೆಯ ನಿಯಮ ಹೀಗಿತ್ತು: ಪ್ರತಿ ದೊಡ್ಡಿಯಲ್ಲೂ ಈ ಕಟ್ಟು ಇರಬೇಕು, ಇದು ನೆನೆಯಬಾರದು, ನೆನೆದರೆ ಹಿಂಡು ಅರಮನೆಯ ಪಾಲು.

ಶ್ರಾವಣದ ಮೊದಲ ದಿನ ತಿಪ್ಪರಸ ಅನ್ನುವ ಅಧಿಕಾರಿ ಆರು ಗಾಡಿಗಳಲ್ಲಿ ಕಟ್ಟನ್ನು ಹೇರಿಕೊಂಡು ಬೀರವ್ವನ ದೊಡ್ಡಿಗೆ ಬಂದ. ಆಳುಗಳು ಅದನ್ನು ಒಳಗೆ ಜೋಡಿಸಿದರು. ದೊಡ್ಡಿ ತುಂಬಿತು.

“ಧಣಿ, ನನ್ನ ಕುರಿ ಎಲ್ಲಿ ಮಲಗಬೇಕ್ರಿ?” ಎಂದು ಬೀರವ್ವ ಕೇಳಿದಳು.

“ಒಣಗಿದ ದೊಡ್ಡಿಯಲ್ಲಿ. ಮೊದಲ ನಿಯಮವೇ ಅದು.”

“ಒಣಗಿದ ದೊಡ್ಡಿ ಇದೊಂದೇ ಐತ್ರಿ.”

“ಹಾಗಾದರೆ ಅದನ್ನು ಒಣಗಿಸಿಯೇ ಇಟ್ಟುಕೋ ತಾಯಿ,” ಎಂದು ತಿಪ್ಪರಸ ಹೊರಟುಹೋದ. ಅವನು ಕೆಟ್ಟವನಲ್ಲ. ಒಂಬೈನೂರು ನಿಯಮಗಳೂ ಅವನಿಗೆ ಬಾಯಿಪಾಠವಾಗಿದ್ದವು. ಅದರಿಂದ ತಲೆಯಲ್ಲಿ ಬೇರೆ ಜಾಗ ಉಳಿದಿರಲಿಲ್ಲ.

ಮಳೆ ಹಿಡಿಯಿತು. ಒಂಬತ್ತು ದಿನ ಬಿಡಲಿಲ್ಲ. ಕಟ್ಟು ಒಳಗೆ, ನಲವತ್ತು ಕುರಿ ಹೊರಗೆ. ಗಬ್ಬದ ಕುರಿಯೊಂದಿತ್ತು, ಹೆಸರು ಬೆಳ್ಳಕ್ಕಿ. ಬೀರವ್ವ ತನ್ನ ಕಂಬಳಿಯನ್ನು ಅದಕ್ಕೆ ಹೊದಿಸಿ ತಾನು ಮಳೆಯಲ್ಲಿ ನಿಂತಳು. ಏಳನೆಯ ದಿನ ಬೆಳ್ಳಕ್ಕಿ ಕೆಸರಿನಲ್ಲಿ ಮರಿ ಹಾಕಿ, ಅದನ್ನು ಒಂದು ಸಲ ನೆಕ್ಕಿ ಸತ್ತಿತು. ಬೀರವ್ವ ಮರಿಯನ್ನು ಬೇರೆ ಕುರಿಯ ಕೆಚ್ಚಲಿಗೆ ಹಚ್ಚಿದಳು. ಅಳುವುದಕ್ಕೆ ಹೊತ್ತಿರಲಿಲ್ಲ.

ಮಳೆ ನಿಂತ ಮೇಲೆ ತಿಪ್ಪರಸ ಪರೀಕ್ಷೆಗೆ ಬಂದ. ದೊಡ್ಡಿಯೊಳಗೆ ಕೈಯಾಡಿಸಿದ. ಒಳಗಿದ್ದದ್ದು ಒಣಗಿತ್ತು. ಕುಂಟುತ್ತಿರಲಿಲ್ಲ. ಕೆಮ್ಮುತ್ತಿರಲಿಲ್ಲ. ಅವನನ್ನು ಕಂಡು ಬೆದರಲಿಲ್ಲ. ಅವನು ಬಹಳ ಸಂತೋಷದಿಂದ ಓಲೆಗರಿಯ ಕಟ್ಟಿಗೆ ‘ಇದು ಸುಖವಾಗಿ ಬದುಕಿದೆ’ ಎಂಬ ಖಾತ್ರಿ ಮುದ್ರೆ ಒತ್ತಿದ.

“ಕುರಿಗಳಿಗೆ?” ಎಂದಳು ಬೀರವ್ವ.

“ನಿಯಮ ಇರುವುದು ದೊಡ್ಡಿಯೊಳಗಿನದಕ್ಕೆ. ಕುರಿಗಳು ಹೊರಗಿವೆ.”

ಮುದ್ರೆ ಬಿದ್ದದ್ದು ಅರಮನೆಯ ಅಡಿಗೆಮನೆಗೆ ಹೋಗಲೇಬೇಕು. ಹೋಯಿತು. ಅಡಿಗೆಯವನು ಕಟ್ಟನ್ನು ಕೊಚ್ಚಿ, ಮೆಣಸು, ಶುಂಠಿ ಹಾಕಿ, ಮೂರು ದಿನ ಬೇಯಿಸಿ ಬಡಿಸಿದ. ರಾಜ ಒಂದು ತುತ್ತನ್ನು ಬಹಳ ಹೊತ್ತು ಅಗಿದ.

“ಇದು ಸುಖವಾಗಿ ಬದುಕಿತ್ತೇನು?”

“ಹೌದು ಪ್ರಭು. ಮುದ್ರೆ ಇತ್ತು.”

“ಇದು ಬದುಕಿದ್ದ ಮನೆಯನ್ನು ನೋಡಬೇಕು,” ಎಂದ ರಾಜ.

ತಿಪ್ಪರಸನನ್ನು ಕರೆದುಕೊಂಡು ಅವನು ನೆಗ್ಗಿಲಹಟ್ಟಿಗೆ ಬಂದಾಗ, ಕಟ್ಟು ಹೋಗಿ ಖಾಲಿಯಾದ ದೊಡ್ಡಿಗೆ ಕುರಿಗಳು ಮರಳಿದ್ದವು. ಪ್ರತಿಯೊಂದೂ ತನ್ನ ಹಳೆಯ ಜಾಗದಲ್ಲಿ ನಿಂತಿತ್ತು. ನಡುವೆ ಒಂದು ಜಾಗ ಖಾಲಿ.

ರಾಜ ಟಗರನ್ನು ಕೇಳಿದ: “ಅಲ್ಲಿ ಯಾರಿದ್ದರು?”

“ಬೆಳ್ಳಕ್ಕಿ ಇದ್ಳು. ಮಳ್ಯಾಗ ಸತ್ಳು,” ಎಂದಿತು ಟಗರು.

ರಾಜ ತಿಪ್ಪರಸನ ಕಡೆ ತಿರುಗಿದ. “ಇದರಿಂದ ಯಾವ ನಿಯಮ ಮುರಿಯಿತು?”

ತಿಪ್ಪರಸ ಕಣ್ಣು ಮುಚ್ಚಿ ಒಂಬೈನೂರನ್ನೂ ಮನಸ್ಸಿನಲ್ಲಿ ಓದಿಕೊಂಡ. ನೆತ್ತಿಯ ಮೇಲಿದ್ದ ಬಿಸಿಲು ಗುಡ್ಡದ ಕಡೆ ಇಳಿಯಿತು. ಕಣ್ಣು ತೆರೆದು ಮೆಲ್ಲಗೆ ಹೇಳಿದ: “ಯಾವುದೂ ಇಲ್ಲ ಪ್ರಭು.” ಹಾಗೆಂದವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಬೀರವ್ವ ರಾಜನ ಕೈ ಹಿಡಿದಳು. ಅದನ್ನು ಒಂದು ಕುರಿಯ ಬೆನ್ನಮೇಲೆ ಇಟ್ಟಳು. “ಒತ್ತಿ ನೋಡ್ರಿ. ಮೂಳಿ ಚುಚ್ಚಿದ್ರ ಹಸಿದೈತಿ ಅಂತ.” ಕಣ್ಣಿನ ರೆಪ್ಪೆ ಬಿಡಿಸಿ ತೋರಿಸಿದಳು. “ಒಳಗ ಕೆಂಪಿರಬೇಕು. ಬಿಳಿಚಿದ್ರ ಹೊಟ್ಟ್ಯಾಗ ಹುಳ ಅಂತ.” ಗೊರಸು ಎತ್ತಿಸಿ ಮೂಸಿಸಿದಳು. “ನಾತ ಬಂದ್ರ ಕಾಲು ಕೊಳತೈತಿ ಅಂತ.” ರಾಜ ಮೂವತ್ತೊಂಬತ್ತನ್ನೂ ಮುಟ್ಟಿ ನೋಡಿದ.

ಆಮೇಲೆ ರಾಜನ ಅಪ್ಪಣೆಯಂತೆ ಹನ್ನೊಂದು ಪಂಡಿತರೂ ಒಂದು ಮಳೆಗಾಲ ಪೂರ್ತಿ ಕುರಿ ಮೇಯಿಸಿದರು. ತಿರುಗಿ ಬಂದು ಮೂರೇ ಸಾಲು ಬರೆದರು: ಬೆನ್ನು ಮುಟ್ಟಿ ನೋಡು. ಕಣ್ಣು ಬಿಡಿಸಿ ನೋಡು. ಗೊರಸು ಎತ್ತಿ ನೋಡು. ತಿಪ್ಪರಸ ಅದನ್ನು ಬೀರವ್ವನಿಗೆ ಓದಿ ಹೇಳಿ, ಏನಾದರೂ ಬಿಟ್ಟುಹೋಗಿದೆಯೇ ಎಂದು ಕೇಳಿದ.

“ಕೊಯ್ಯೋ ಕಡೀ ದಿನದ್ದು ಬಿಟ್ಟೀರಿ,” ಎಂದಳು ಅವಳು. “ಅವತ್ತು ಎಳೀಬ್ಯಾಡ್ರಿ, ಹೊಡೀಬ್ಯಾಡ್ರಿ. ಸಾಕಿದವರು ಅದರ ಜೋಡಿ ನಡೀಲಿ. ಗುರ್ತಿನ ಕೈ ಇದ್ರ ಅದು ಅಂಜೂದಿಲ್ಲ.”

ಅವನು ಬರೆದುಕೊಂಡ.

ದೀಪಾವಳಿ ಕಳೆದ ಮೇಲೆ ಬೀರವ್ವ ಎರಡು ಟಗರುಗಳ ಜೊತೆ ಅರಮನೆಗೆ ನಡೆದಳು. ಮೂರು ದಿನದ ದಾರಿ. ಅವು ಮೇಯ್ದಾಗ ನಿಂತಳು, ಅವು ನಡೆದಾಗ ನಡೆದಳು. ಕಡೆಯವರೆಗೂ ಒಂದೊಂದರ ಕೊರಳ ಮೇಲೆ ಒಂದೊಂದು ಕೈ ಇಟ್ಟಿದ್ದಳು. ಬರುವಾಗ ಒಬ್ಬಳೇ ಬಂದಳು, ಅದೇ ಮೂರು ದಿನ. ರಾಜ ಆ ಬಾಡನ್ನು ಉಂಡ.

ಇದರ ನೀತಿ ಇಷ್ಟೇ: ಬೆಂದ ಓಲೆಗರಿ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಕತೆ ಗುಡ್ಡ ಹತ್ತಿ ಆಚೆ ಇಳಿಯಿತು. ನಾನು ಹಿಂದೆ ಉಳಿದೆ, ನೀವು ಎದ್ದು ಕೈಕಾಲು ತೊಳೆಯಿರಿ.