ಬೆನ್ನುಗುಡ್ಡ

ಅಮೆರಿಕದ ಅಪಲೇಶಿಯನ್ ಬೆಟ್ಟಸಾಲಿನ ಪಡುವಣಕ್ಕೆ, ಟ್ಯಾಮರಾಕ್ ಹೊಳೆಯ ಎಡದಂಡೆಯಲ್ಲಿ ಓಕ್ ಮರಗಳು ಕವಿದ ಒಂದು ಗುಡ್ಡವಿದೆ. ಅದರ ನೆತ್ತಿಯ ಮೇಲಿರುವ ಕಲ್ಲಿನ ಹಳೆಯ ನ್ಯಾಯಾಲಯ ಕಾಡಿಗೆ ಮುಖ ಮಾಡಿ, ಹೊಳೆಗೆ ಬೆನ್ನು ಹಾಕಿ ನಿಂತಿದೆ. ಸುತ್ತಲಿನವರು ಈ ಜಾಗವನ್ನು ಬೆನ್ನುಗುಡ್ಡ ಎನ್ನುತ್ತಾರೆ. ಎದುರು ದಂಡೆಯಲ್ಲಿ ಈಗ ಜೊಂಡು ಬಿಟ್ಟರೆ ಬೇರೇನೂ ಇಲ್ಲ.

ಹಿಂದೆ, ವಲಸೆಗಾರರು ಆ ಸೀಮೆಗೆ ಹೊಸದಾಗಿ ಬಂದು ಕಾಡು ಕಡಿಯುತ್ತಿದ್ದ ಕಾಲದಲ್ಲಿ, ಆ ಎದುರು ದಂಡೆಯಲ್ಲಿ ಪೆಲ್‌ಕಡವು ಎಂಬ ಪಟ್ಟಣವಿತ್ತು. ಜಿಲ್ಲೆಯ ನ್ಯಾಯಾಲಯ, ವೈದ್ಯ, ಚರ್ಚು ಎಲ್ಲವೂ ಅಲ್ಲೇ. ದೋಣಿಗಳ ಒಡೆಯ ಲೂಥರ್ ಪೆಲ್ ಹೇಳಿದ್ದೇ ಅಲ್ಲಿ ಕಾನೂನು. ಈಚೆ ದಂಡೆಯ ಗುಡ್ಡದ ಬುಡದಲ್ಲಿ ಏಬ್ನರ್ ಸ್ಟ್ರೌಡ್ ಎಂಬ ರೈತ ಮರದ ದಿಮ್ಮಿಗಳ ಮನೆ ಕಟ್ಟಿಕೊಂಡಿದ್ದ. ಒಂದು ಚುನಾವಣೆಯಲ್ಲಿ ಅವನು ಪೆಲ್‌ನ ಎದುರಾಳಿಯ ಪರವಾಗಿ ಎಲ್ಲರೆದುರೇ ಕೈಯೆತ್ತಿದ. ಆ ವಸಂತದಲ್ಲೇ ಅವನ ಹೆಂಡತಿ ಕೆಜಾಯಳಿಗೆ ಹೆರಿಗೆ ಕಷ್ಟವಾಯಿತು. ವೈದ್ಯನನ್ನು ಕಳಿಸಿರೆಂದು ಏಬ್ನರ್ ದಂಡೆಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದ. "ಯಾರಿಗೆ ಕೈಯೆತ್ತಿದೆಯೋ ಅವನನ್ನೇ ಕರಿ!" ಎಂದು ಪೆಲ್ ಆಚೆಯಿಂದ ಕೂಗಿದ. ದೋಣಿ ಬಿಡಲಿಲ್ಲ. ಹೊಟ್ಟೆಯ ಕೂಸಿನೊಂದಿಗೆ ಕೆಜಾಯ ತೀರಿಕೊಂಡಳು. ಹೆಣ ದಾಟಿಸಲು ಮಾತ್ರ ದೋಣಿ ಬಂತು; ಪೆಲ್‌ಕಡವಿನ ಚರ್ಚಿನ ಅಂಗಳದಲ್ಲಿ, ತಾಯಿಯ ಪಕ್ಕದಲ್ಲಿ ಅವಳನ್ನು ಮಣ್ಣು ಮಾಡಿದರು. ಏಬ್ನರ್ ಅಳಲಿಲ್ಲ.

ಓದು ಬಾರದಿದ್ದ ಅವನು ಅಕ್ಷರ ಕಲಿತ. ಕಡಿದ ಮರದ ಬೊಡ್ಡೆಯ ಮೇಲೆ ನಿಂತು ಭಾಷಣ ಮಾಡಿದ. ಯಾರು ಕೊಟ್ಟಿಗೆ ಕಟ್ಟಿದರೂ ಹೋಗಿ ತೊಲೆಗೆ ಹೆಗಲು ಕೊಟ್ಟ. ಹನ್ನೊಂದನೆಯ ವರ್ಷ ಶಾಸನಸಭೆಗೆ ಆರಿಸಿ ಬಂದ. ಅಲ್ಲಿ ಹಟ ಹಿಡಿದು ಮೊದಲು ಮಾಡಿಸಿದ ಕೆಲಸವೆಂದರೆ, ಜಿಲ್ಲೆಯ ನ್ಯಾಯಾಲಯವನ್ನು ಪೆಲ್‌ಕಡವಿನಿಂದ ಕಿತ್ತು ತನ್ನ ಗುಡ್ಡಕ್ಕೆ ತಂದದ್ದು. ಹೊಳೆಯ ಕಡೆಗೆ ಬಾಗಿಲಾಗಲಿ ಕಿಟಕಿಯಾಗಲಿ ಇಡಕೂಡದೆಂದು ಕಲ್ಲುಕುಟಿಗರಿಗೆ ತಾನೇ ನಿಂತು ಹೇಳಿದ. ವಕೀಲರು ಪಟ್ಟಣ ಬಿಟ್ಟರು, ಅಂಗಡಿಗಳು ಮುಚ್ಚಿದವು. ಆಚೆ ದಂಡೆಯಲ್ಲಿ ಒಂದೊಂದು ಮನೆ ಬರಿದಾದಾಗಲೂ ಅವನಿಗೆ ಅಂದಿನ ಊಟ ರುಚಿಸುತ್ತಿತ್ತಂತೆ.

ಕೊನೆಗೆ ಮುದುಕನಾದ ಪೆಲ್ ಅರ್ಜಿ ಹಿಡಿದು ಗುಡ್ಡ ಹತ್ತಿ ಬಂದ. "ಸ್ಟ್ರೌಡ್ ಅವರೇ, ಹೊಳೆಯ ಒಡ್ಡು ಬಿರುಕು ಬಿಟ್ಟಿದೆ. ಸರ್ಕಾರಕ್ಕೆ ಹೇಳಿ ಕಟ್ಟಿಸಿಕೊಡಿ. ತಪ್ಪು ನನ್ನದು, ಊರಿನದಲ್ಲ."

"ನಾನೂ ಹೀಗೇ ಬೇಡಿದ್ದೆ," ಎಂದು ಏಬ್ನರ್ ಅರ್ಜಿಯನ್ನು ಒಲೆಗೆ ಹಾಕಿದ.

ಮುಂದಿನ ವಸಂತದ ನೆರೆಗೆ ಒಡ್ಡು ಒಡೆಯಿತು. ಜನ ದಿಬ್ಬಗಳಿಗೆ ಓಡಿ ಜೀವ ಉಳಿಸಿಕೊಂಡರು, ಊರು ಕೊಚ್ಚಿಹೋಯಿತು. ಸುದ್ದಿ ಕೇಳಿ ಏಬ್ನರ್ ಗಟ್ಟಿಯಾಗಿ ನಕ್ಕ. "ಚರ್ಚಿನ ಅಂಗಳವೂ ಹೋಯಿತು ಸ್ವಾಮಿ, ಒಂದು ಗೋರಿಯೂ ಉಳಿದಿಲ್ಲ," ಎಂದು ಸುದ್ದಿ ತಂದವನು ಹೇಳಿದಾಗ ಆ ನಗು ಅಲ್ಲೇ ನಿಂತಿತು.

ಇಂದು ಗುಡ್ಡ ಹತ್ತಿದವರಿಗೆ ಆ ಕಟ್ಟಡದ ಹಿಂಗೋಡೆಯಲ್ಲಿ, ಆಳೆತ್ತರದಲ್ಲಿ, ಸೊಟ್ಟಾದ ಒಂದು ಕಂಡಿ ಕಾಣುತ್ತದೆ. ಅದು ಕಲ್ಲುಕುಟಿಗರ ಕೈಕೆಲಸವಲ್ಲ, ಏಬ್ನರನೇ ಉಳಿ ಹಿಡಿದು ಕೊರೆದದ್ದು ಎನ್ನುತ್ತಾರೆ. ಒಳಗಿನಿಂದ ಕಣ್ಣಿಟ್ಟು ನೋಡಿದರೆ, ಚರ್ಚಿನ ಅಂಗಳವಿದ್ದ ಕಡೆ ನೀರು, ಜೊಂಡು ಮಾತ್ರ ಕಾಣುತ್ತದೆ.