ಹೆಸರಿಲ್ಲದ ಸೊಂಡಿಲು

ಆ ಕಾಡಿನಲ್ಲಿದ್ದದ್ದು ಎರಡೇ ಆನೆಗಳು, ತಾಯಿ ಮತ್ತು ಅವಳ ತುಂಬು ಗರ್ಭಿಣಿ ಮಗಳು. ತಾಯಿಯ ಸೊಂಡಿಲಿಗೆ ಕೆಟ್ಟ ಹುಣ್ಣಾಯಿತು. ಅವಳು ಶಸ್ತ್ರಚಿಕಿತ್ಸೆ ಬೇಡವೆಂದಳು. "ಹೆರಿಗೆ ಆಗೋವರೆಗೆ ಮಗಳಿಗೆ ಗೊತ್ತಾಗಬಾರದು" ಎಂದು ವೈದ್ಯ ಕರಡಿಯಿಂದ ಮಾತನ್ನೂ ತೆಗೆದುಕೊಂಡಳು.

ರೋಗಿ ಬೇಡವೆಂದರೆ ಚಿಕಿತ್ಸೆ ಬಿಟ್ಟುಬಿಡಬಹುದೇ ಎಂದು ಚರ್ಚಿಸಲು ಆಸ್ಪತ್ರೆಯ ನೈತಿಕ ಸಮಿತಿ ಆಲದ ಮರದಡಿ ಸೇರಿತು. ಅಧ್ಯಕ್ಷ ಗೂಬೆ ಗಂಟಲು ಸರಿಮಾಡಿಕೊಂಡು, "ಗೋಪ್ಯತೆ ಮುಖ್ಯ. ಯಾರೂ ಹೆಸರೆತ್ತಕೂಡದು. ಒಬ್ಬ ರೋಗಿ, ಸೊಂಡಿಲಿನಲ್ಲಿ ಹುಣ್ಣು, ಅಷ್ಟೇ" ಎಂದಿತು. ಮರದ ಮೇಲಿದ್ದ ಮಂಗಗಳು ಮುಖ ಮುಖ ನೋಡಿಕೊಂಡವು.

ಸಂಜೆಗೆ ಸುದ್ದಿ ಮಗಳ ಕಿವಿಗೆ ಬಿತ್ತು. ಅವಳು ಮೇವು ಮುಟ್ಟಲಿಲ್ಲ.

ಮರುದಿನ ತಾಯಿ ನೇರ ಸಭೆಗೇ ನುಗ್ಗಿದಳು.

"ನಿಮ್ಮ ಹೆಸರನ್ನೇ ನಾವು ಹೇಳಿಲ್ಲವಲ್ಲಮ್ಮ" ಎಂದಿತು ಗೂಬೆ.

"ನಿಮ್ಮ ಪ್ರಶ್ನೆಗೆ ಹುಣ್ಣು ಎಲ್ಲಿದೆ ಅನ್ನೋದು ಯಾಕೆ ಬೇಕಿತ್ತು, ಸ್ವಾಮಿ? ಹೆಸರನ್ನು ಮುಚ್ಚಿಟ್ಟು ಸೊಂಡಿಲನ್ನು ಬೀದಿಗಿಟ್ಟಿರಿ."

ಗೂಬೆ ಅವಳ ಕಡೆ ನೋಡಲಿಲ್ಲ. "ಮುಂದಿನ ಪ್ರಕರಣ" ಎಂದು ಓದಿತು. "ಹೆಸರು ಬೇಡ. ಮೈತುಂಬ ಮುಳ್ಳಿರುವ ಒಬ್ಬ ರೋಗಿ."

ಹೊರಗೆ ಕಾಯುತ್ತಿದ್ದ ಮುಳ್ಳುಹಂದಿ ಎದ್ದು, ತನ್ನ ಕಾಯಿಲೆಯನ್ನು ಹೊತ್ತುಕೊಂಡೇ ಮನೆಗೆ ಹೊರಟುಹೋಯಿತು.